ಮಡಿಯಲ್ಲಿದ್ದವರನ್ನು ಮುಟ್ಟಿದ್ದು

ನಾನು ತಪ್ಪಾಯಿತು ಎಂದು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ನನ್ನ ಗಂಡನ ಸೋದರತ್ತೆ ಇನ್ನೂ ಕಾಯುತ್ತಿದ್ದಾರೆ. ಕಾಯಲಿ.

ನಡೆದದ್ದು ಇಷ್ಟು. ಹನುಮಂತನಗರದಲ್ಲಿರುವ ನನ್ನ ಭಾವನವರ, ಅಂದರೆ ಗಂಡನ ಅಣ್ಣನ ಮನೆಯಲ್ಲಿ, ನಮ್ಮ ಮಾವನವರ ತಿಥಿಯ ದಿನ, ಪಿಂಡ ಇಟ್ಟು ಮಣೆಯಿಂದ ಎದ್ದ ಭಾವ ಅಲ್ಲೇ ಕುಸಿದುಬಿದ್ದರು. ಮಡಿಯಲ್ಲಿದ್ದ ಅವರನ್ನು ಮಡಿಯಲ್ಲಿಲ್ಲದ ನಾನು ಮುಟ್ಟಿದೆ. ಬರೀ ಮುಟ್ಟಿದ್ದಲ್ಲ, ಎದೆಯ ಮೇಲೆ ಎರಡೂ ಕೈಯಿಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಅವರ ಬಾಯಿಗೆ ಬಿಡಲು ತಂದ ಗಂಗೆಯನ್ನು ತಳ್ಳಿ ನೆಲಕ್ಕೆ ಚೆಲ್ಲಿದೆ. ನಮ್ಮ ಬಳಗದಲ್ಲಿ ನನ್ನ ಮೇಲಿರುವ ಆರೋಪಗಳು ಇವೇ. ಎಲ್ಲವೂ ನಿಜ.

ಒತ್ತುವುದನ್ನು ನಾನು ಕಲಿತದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದೂ ಒಂದು ಜಗಳದಿಂದಲೇ ಶುರುವಾದದ್ದು. ನಾವಿರುವುದು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ. ಅಸೋಸಿಯೇಷನ್ನಿನವರು ಲಿಫ್ಟಿನ ಪಕ್ಕ ಒಂದು ನೋಟಿಸ್ ಅಂಟಿಸಿದ್ದರು. ಭಾನುವಾರ ಪ್ರಥಮ ಚಿಕಿತ್ಸೆಯ ತರಬೇತಿ. ಬೆಳಿಗ್ಗೆ ಹೆಂಗಸರಿಗೆ, ಸುಟ್ಟಗಾಯ, ಕೊಯ್ದ ಗಾಯ, ಪಟ್ಟಿ ಕಟ್ಟುವುದು. ಮಧ್ಯಾಹ್ನ ಗಂಡಸರಿಗೆ, ಸಿಪಿಆರ್. ಓದಿದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತು. ಸೀದಾ ಸೆಕ್ರೆಟರಿಯ ಮನೆಗೆ ಹೋಗಿ ಬೆಲ್ ಒತ್ತಿದೆ.

"ಯಾಕೆ ಸಾರ್, ಹೆಂಗಸ್ರ ಎದುರಿಗೆ ಯಾರೂ ಬೀಳೋದೇ ಇಲ್ವಾ?"

"ಹಾಗಲ್ಲ ಮೇಡಂ, ಅದಕ್ಕೆ ಸ್ವಲ್ಪ ಶಕ್ತಿ ಬೇಕಾಗತ್ತೆ. ಆಮೇಲೆ ಎದೆ ಗಿದೆ ಮುಟ್ಟೋದು, ಲೇಡೀಸ್‌ಗೆ ಮುಜುಗರ ಅಂತ…"

"ನಂಗೇನೂ ಇಲ್ಲ ಮುಜುಗರ. ನಿಮಗಿದ್ರೆ ನೀವು ಬರ್ಬೇಡಿ."

ಮಧ್ಯಾಹ್ನ ಹೋಗಿ ಮೊದಲ ಸಾಲಿನಲ್ಲೇ ಕೂತೆ. ಹೇಳಿಕೊಡಲು ಬಂದಿದ್ದ ನರ್ಸ್ ಹೆಂಗಸು! ಅದೂ ನನ್ನ ಭುಜದೆತ್ತರ ಇರಬಹುದು. ಅವಳು ನೆಲದ ಮೇಲಿದ್ದ ಪ್ಲಾಸ್ಟಿಕ್ ಬೊಂಬೆಯ ಎದೆಯನ್ನು ಒತ್ತಿದ ರಭಸಕ್ಕೆ ಸೆಕ್ರೆಟರಿ ಕಾಫಿ ಲೋಟ ಕೆಳಗಿಟ್ಟರು. ನನ್ನ ಸರದಿ ಬಂದಾಗ ನಾನೂ ಹೆದರಿ ಹೆದರಿ ಒತ್ತಿದೆ. ಅವಳು ಗದರಿಸಿದಳು. "ಮೇಡಂ, ಹಾರ್ಟ್ ನಿಂತುಹೋಗಿರೋರಿಗೆ ನೀವು ಇನ್ನೇನು ಹಾಳು ಮಾಡೋಕೂ ಆಗಲ್ಲ. ಎದೆ ಎರಡು ಇಂಚು ಕೆಳಗೆ ಹೋಗ್ಬೇಕು, ಪೂರ್ತಿ ಮೇಲೆ ಬರ್ಬೇಕು. ಮೊಣಕೈ ಮಡಚ್ಬೇಡಿ. ಒತ್ತಿ!" ಆ ಮಾತು ನನಗೆ ಬಹಳ ಹಿಡಿಸಿತು. ನನ್ನ ಜೀವನದಲ್ಲಿ ಯಾರೂ ನನಗೆ ಇನ್ನೂ ಜೋರಾಗಿ ಎಂದು ಹೇಳಿರಲಿಲ್ಲ. ಎಲ್ಲರೂ ಹೇಳಿದ್ದು ಮೆಲ್ಲಗೆ, ಸ್ವಲ್ಪ ಮೆಲ್ಲಗೆ ಎಂದೇ.

ಇನ್ನು ತಿಥಿಯ ದಿನ. ನಾನು ಕೆಲಸ ಮಾಡುವುದು ಜಯನಗರದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ. ಅವತ್ತು ಅರ್ಧ ದಿನದ ರಜೆ ಹಾಕಿ, ಆಟೋ ಹಿಡಿದು ಹನುಮಂತನಗರ ತಲುಪುವಷ್ಟರಲ್ಲಿ ಒಳಗೆ ಮಂತ್ರ ಅರ್ಧ ಮುಗಿದಿತ್ತು. ಆಫೀಸಿನ ಚೂಡಿದಾರದಲ್ಲಿದ್ದೆ. ಹಾಗಾಗಿ ಹೊಸಿಲಿನ ಈಚೆ, ಮುಂದಿನ ಕೋಣೆಯ ಕುರ್ಚಿಯೇ ನನ್ನ ಜಾಗ. ನಡುಮನೆಯಲ್ಲಿ ಭಾವ, ನನ್ನ ಗಂಡ, ಪುರೋಹಿತರು, ಎಲ್ಲರೂ ಒದ್ದೆ ಪಂಚೆಯಲ್ಲಿ. ಅಡುಗೆಮನೆಯಲ್ಲಿ ನನ್ನ ಓರಗಿತ್ತಿ, ಅಂದರೆ ಭಾವನವರ ಹೆಂಡತಿ, ಮಡಿಸೀರೆಯಲ್ಲಿ ವಡೆ ಕರಿಯುತ್ತಿದ್ದರು. ಸೋದರತ್ತೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, ಯಾರ ಸೆರಗು ಯಾರಿಗೆ ತಾಕಿತು ಎಂದು ನೋಡಿಕೊಳ್ಳುತ್ತಿದ್ದರು. ಎಂಬತ್ತು ದಾಟಿದ ಜೀವ. ಕಿವಿ ಮಂದ, ಕಣ್ಣು ಮಾತ್ರ ಹದ್ದಿನದು.

ಭಾವ ಸಕ್ಕರೆ ಕಾಯಿಲೆಯವರು. ತಿಥಿ ಮಾಡುವವರು ಮುಗಿಯುವ ತನಕ ಏನೂ ತಿನ್ನುವಂತಿಲ್ಲ. ಸ್ವಲ್ಪ ಹಾಲಾದರೂ ಕುಡಿಯಿರಿ ಎಂದು ಓರಗಿತ್ತಿ ಹಿಂದಿನ ದಿನವೇ ಹೇಳಿ ನೋಡಿದ್ದರಂತೆ. ಅವರು ಕೇಳುವ ಪೈಕಿಯೇ ಅಲ್ಲ. ಮಡಿ, ಆಚಾರದ ವಿಷಯದಲ್ಲಿ ಅವರದು ಉಡದ ಪಟ್ಟು. ಪಿಂಡವಿದ್ದ ಎಲೆಯನ್ನು ಕಾಗೆಗೆ ಇಡಲು ಮಹಡಿಯ ಮೇಲೆ ಒಯ್ಯಬೇಕಿತ್ತು. ಎಲೆ ಕೈಯಲ್ಲಿ ಹಿಡಿದು ಎದ್ದರು. ಎದೆಯನ್ನು ಒಮ್ಮೆ ಸವರಿಕೊಂಡರು. ಏನೋ ಹೇಳಲು ಬಾಯಿ ತೆರೆದವರು ಹಾಗೆಯೇ ಪಕ್ಕಕ್ಕೆ ವಾಲಿ, ಗೋಡೆಗೆ ಭುಜ ಬಡಿದು, ನೆಲಕ್ಕೆ ಜಾರಿದರು. ಎಲೆ ಚೆಲ್ಲಾಪಿಲ್ಲಿಯಾಯಿತು.

ನಾನು ಕುರ್ಚಿಯಿಂದ ಎದ್ದು ಹೊಸಿಲು ದಾಟಿದೆ. ಆಗಲೇ ಅಡುಗೆಮನೆಯಿಂದ ಓಡಿಬಂದ ಓರಗಿತ್ತಿ ಕೂಗಿದರು.

"ಮುಟ್ಬೇಡ ಕಣೇ! ಮಡೀಲಿದಾರೆ!"

ಅವರನ್ನು ನಾನು ದೂರುವುದಿಲ್ಲ. ಮೂವತ್ತು ವರ್ಷದಿಂದ ಪ್ರತಿ ತಿಥಿಗೂ, ಪ್ರತಿ ಹಬ್ಬಕ್ಕೂ ಬಾಯಿಗೆ ರೂಢಿಯಾದ ಮಾತು ಅದು. ಗಂಡ ಬಿದ್ದಿರುವುದು ತಲೆಗೆ ಹೋಗುವ ಮೊದಲೇ ಬಾಯಿಂದ ಬಂದುಬಿಟ್ಟಿತು. ಆದರೆ ಆ ಮಾತಿಗೆ ಎಲ್ಲರೂ ನಿಂತುಬಿಟ್ಟರು. ನನ್ನ ಗಂಡ ಒಂದು ಕಾಲು ಮುಂದಿಟ್ಟು ಹಾಗೇ ನಿಂತ. ನಿಜ ಹೇಳಬೇಕೆಂದರೆ ನಾನೂ ನಿಂತೆ. ಅರ್ಧ ಉಸಿರು, ಅಷ್ಟೇ. ಆ ಅರ್ಧ ಉಸಿರಿನ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ಆಮೇಲೆ ಭಾವನವರ ಪಕ್ಕ ಮಂಡಿಯೂರಿ ಭುಜ ಹಿಡಿದು ಅಲುಗಾಡಿಸಿ ಕೂಗಿದೆ. ಉತ್ತರವಿಲ್ಲ. ಕಣ್ಣು ಅರ್ಧ ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಬಾಯಿಂದ ಗೊರ್ ಎಂದು ಒಂದು ಸದ್ದು ಬಂತು.

"ಉಸಿರಾಡ್ತಿದಾನೆ, ಉಸಿರಾಡ್ತಿದಾನೆ! ಹೊಟ್ಟೇಲೇನಿಲ್ಲ, ತಲೆ ಸುತ್ತಿದೆ ಅಷ್ಟೇ. ಎಬ್ಬಿಸಿ ಕೂರಿಸ್ರೋ, ಬೆಲ್ಲದ ನೀರು ಕುಡಿಸಿ" ಎಂದು ಸೋದರತ್ತೆ ಅಲ್ಲಿಂದಲೇ ಕೂಗಿದರು. ಊಟಕ್ಕೆ ಬಂದಿದ್ದ ಬ್ರಾಹ್ಮಣರೊಬ್ಬರು ಕೈಗೆ ಬೀಗದ ಕೈ ಕೊಡಿ ಎಂದರು. ಇನ್ನೊಬ್ಬರು ಈರುಳ್ಳಿ ಮೂಸಿಸಿ ಎಂದವರು, ತಿಥಿಯ ಮನೆಯೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡರು.

ನರ್ಸ್ ಹೇಳಿದ್ದಳು. ಹಾಗೆ ಮೀನು ಬಾಯಿ ಬಿಟ್ಟಂತೆ ಬರುವುದು ಉಸಿರಲ್ಲ ಮೇಡಂ, ಅದನ್ನು ನೋಡಿಯೇ ಜನ ಮೋಸ ಹೋಗುತ್ತಾರೆ, ಸುಮ್ಮನೆ ನಿಂತುಬಿಡುತ್ತಾರೆ.

"ಯಾರೂ ಕೂರಿಸ್ಬೇಡಿ! ನೀರು ಹಾಕಿದ್ರೆ ಶ್ವಾಸಕೋಶಕ್ಕೆ ಹೋಗತ್ತೆ! ನೂರಾ ಎಂಟಕ್ಕೆ ಫೋನ್ ಮಾಡಿ, ಯಾರಾದ್ರೂ!"

ಫೋನ್ ಮಾಡಿದ್ದು ಯಾರು ಗೊತ್ತೇ? ಪುರೋಹಿತರು. ಕರ್ಮ ನಡೆಯುವಾಗ ಫೋನ್ ಮುಟ್ಟದ ಮನುಷ್ಯ, ಚೀಲದಿಂದ ಅದನ್ನು ಎಳೆದು, ದರ್ಭೆಯ ಪವಿತ್ರವಿದ್ದ ಬೆರಳಿನಲ್ಲೇ ನಂಬರ್ ಒತ್ತಿ, ಮಂತ್ರ ಹೇಳುವ ಅದೇ ಗಟ್ಟಿ ದನಿಯಲ್ಲಿ ವಿಳಾಸ ಹೇಳಿದರು. ಗುಡ್ಡದ ಇಳಿಜಾರು, ಬಲಕ್ಕೆ ಎರಡನೆಯ ತಿರುವು, ಗೇಟಿನ ಮುಂದೆ ಸಂಪಿಗೆ ಮರ. ಅವರಿಗೆ ನನ್ನ ನಮಸ್ಕಾರ.

ನಾನು ಭಾವನವರನ್ನು ಅಂಗಾತ ಮಲಗಿಸಿ ಎದೆಯ ನಡುವಿನ ಎಲುಬಿನ ಮೇಲೆ ಅಂಗೈಯ ಬುಡ ಇಟ್ಟೆ. ಅದರ ಮೇಲೆ ಇನ್ನೊಂದು ಕೈ. ಅವರ ಎದುರಿಗೆ ನಾನು ಕುರ್ಚಿಯ ಮೇಲೆ ಕೂತವಳಲ್ಲ. ಅವರು ಬಂದರೆ ಎದ್ದು ನಿಲ್ಲುತ್ತಿದ್ದೆ, ಮಾತಾಡುವಾಗ ಗೋಡೆ ನೋಡಿಕೊಂಡು ಮಾತಾಡುತ್ತಿದ್ದೆ. ಈಗ ಅವರ ಎದೆಗೂದಲು, ಬಲಭುಜಕ್ಕೆ ಹಾಕಿಕೊಂಡ ಜನಿವಾರ, ಎಲ್ಲವೂ ನನ್ನ ಅಂಗೈಯ ಕೆಳಗೆ. ಮೊಣಕೈ ನೆಟ್ಟಗೆ ಮಾಡಿ ಒತ್ತಿದೆ. ಬೊಂಬೆಯೇ ಬೇರೆ, ಮನುಷ್ಯನೇ ಬೇರೆ. ಮೊದಲ ಕೆಲವು ಒತ್ತಿಗೇ ಒಳಗೆ ಲಟಕ್ ಎಂದಿತು.

"ಅಯ್ಯಯ್ಯೋ, ಕೊಂದಳಲ್ಲೋ! ಮೂಳೆ ಮುರಿದಳಲ್ಲೋ!" ಎಂದರು ಸೋದರತ್ತೆ.

ಮುರಿಯಲಿ ಎಂದುಕೊಂಡೆ. ಮೂಳೆ ಕೂಡುತ್ತದೆ. ಬಾಯಲ್ಲಿ ಎಣಿಸುತ್ತ ಒತ್ತುತ್ತಾ ಹೋದೆ. ನನ್ನ ಎಣಿಕೆ ತಪ್ಪಿದಾಗ ಪುರೋಹಿತರು ಫೋನ್ ಕಿವಿಗಿಟ್ಟುಕೊಂಡೇ ಎಣಿಕೆ ಹಿಡಿದರು. ಕೈ ಸೋತುಹೋಯಿತು. ಬೆವರು ಭಾವನವರ ಹೊಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಗಂಡನನ್ನು ನೋಡಿದೆ. ಇನ್ನೂ ಅಲ್ಲೇ ಕೈ ಕಟ್ಟಿಕೊಂಡು ಮರಗಟ್ಟಿ ನಿಂತಿದ್ದ.

"ಏನ್ರೀ ನೋಡ್ತಿದೀರಾ? ನಿಮ್ಮಣ್ಣ ಕಣ್ರೀ! ಬನ್ನಿ ಈ ಕಡೆ, ನಂಗೆ ಕೈ ಸೋತೋಯ್ತು!"

ಬಂದ. ಅಳುತ್ತ ಬಂದ. ಒತ್ತಿದ. ಮೊಣಕೈ ಮಡಚಿದ, ಬೈದೆ, ನೆಟ್ಟಗೆ ಮಾಡಿದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದನ್ನು ಅವನು ಮರುಮಾತಿಲ್ಲದೆ ಮಾಡಿದ್ದು ಅದೊಂದೇ ಸಲ.

ಈ ನಡುವೆ ಸೋದರತ್ತೆ ದೇವರಮನೆಗೆ ಹೋಗಿದ್ದರು. ಕಾಶಿಯಿಂದ ತಂದ ಗಂಗೆಯ ಗಿಂಡಿ ಅಲ್ಲಿತ್ತು. ಬೆಸುಗೆ ಹಾಕಿ ಮುಚ್ಚಿದ ಪುಟ್ಟ ತಾಮ್ರದ ಗಿಂಡಿ. ಮನೆಯಲ್ಲಿ ಯಾರಿಗಾದರೂ ಕೊನೆಯ ಉಸಿರು ಬಂದಾಗ ಬಾಯಿಗೆ ಬಿಡಲು ಇಟ್ಟುಕೊಂಡಿರುವಂಥದ್ದು. ಅದನ್ನು ಮೊಳೆಯಿಂದ ತೂತು ಮಾಡಿಸಿ, ಒಂದು ಕೈಯಲ್ಲಿ ಗಿಂಡಿ, ಇನ್ನೊಂದರಲ್ಲಿ ಗಂಗೆ ತುಂಬಿದ ಉದ್ಧರಣೆ ಹಿಡಿದು ಭಾವನವರ ತಲೆಯ ಹತ್ತಿರ ಬಗ್ಗಿದರು. ಪಾಪ, ಅವರ ಕಣ್ಣಲ್ಲಿ ಧಾರಾಕಾರ ನೀರು. ಎತ್ತಿ ಆಡಿಸಿದ ಮಗು ಅವರಿಗೆ ಅದು.

"ಅತ್ತೆ, ಬೇಡ."

"ಬಿಡೇ, ಹೋಗ್ತಿರೋ ಜೀವಕ್ಕೆ ಒಂದು ಉದ್ಧರಣೆ ಗಂಗೆ…"

"ಅದು ಸಾಯೋರಿಗೆ ಅತ್ತೆ! ಇವ್ರು ಸಾಯ್ತಿಲ್ಲ!"

ಎನ್ನುತ್ತ ಅವರ ಕೈಯನ್ನು ತಳ್ಳಿದೆ. ಉದ್ಧರಣೆ ಠಣ್ ಎಂದು ಬಿತ್ತು, ಗಿಂಡಿ ಉರುಳಿತು. ಕಾಶಿಯಿಂದ ಬಂದ ಗಂಗೆ ಹನುಮಂತನಗರದ ರೆಡ್‌ಆಕ್ಸೈಡ್ ನೆಲದ ಮೇಲೆ ಹರಿದು ಹೋಯಿತು. ಇವರು ಸಾಯುತ್ತಿಲ್ಲ ಎಂದು ನನಗೆ ಗೊತ್ತಿತ್ತೇ? ಎಲ್ಲಿಂದ ಗೊತ್ತಿರಬೇಕು! ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಆದರೆ ಆ ಮನೆಯಲ್ಲಿ ಎಲ್ಲರೂ ಅವರನ್ನು ಕಳಿಸಿಕೊಡಲು ತಯಾರಾಗಿದ್ದರು. ಒಬ್ಬಳಾದರೂ ಬೇಡ ಅನ್ನಬೇಕಿತ್ತು.

ಆಂಬುಲೆನ್ಸಿನ ಹುಡುಗರು ಬರುವ ತನಕ ನಾನೂ ನನ್ನ ಗಂಡನೂ ಸರದಿಯಲ್ಲಿ ಒತ್ತಿದೆವು. ಅವರು ಬಂದು ಎದೆಗೆ ಪ್ಯಾಡ್ ಅಂಟಿಸಿ, "ಎಲ್ರೂ ದೂರ, ಯಾರೂ ಮುಟ್ಬೇಡಿ" ಎಂದರು. ಶಾಕ್ ಕೊಡುವವರಿದ್ದರು. ಅವತ್ತು ಆ ಮನೆಯಲ್ಲಿ ಆ ಮಾತನ್ನು ಸರಿಯಾದ ಕಾರಣಕ್ಕೆ ಹೇಳಿದವರು ಅವರು ಮಾತ್ರ. ಒಂದು ಸಲ ಮೈ ಎಗರಿತು. ಮತ್ತೆ ಒತ್ತಿದರು. ಇನ್ನೊಂದು ಸಲ. ಆಮೇಲೆ ಅವರಲ್ಲೊಬ್ಬ ಕುತ್ತಿಗೆಯ ಮೇಲೆ ಬೆರಳಿಟ್ಟು, ತಲೆಯೆತ್ತಿ, "ಪಲ್ಸ್ ಬಂತು" ಎಂದ. ನಾನು ಗೋಡೆಗೆ ಒರಗಿ ಕೂತು ಗಟ್ಟಿಯಾಗಿ ಅತ್ತೆ. ನಾಚಿಕೆಯೇನಿಲ್ಲ.

ಭಾವ ಬದುಕಿದರು. ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ವಾರ್ಡಿಗೆ ಬಂದ ಮೇಲೆ ನನ್ನನ್ನು ನೋಡಿ ಅವರಾಡಿದ ಮೊದಲ ಮಾತು ಇದು:

"ಪಕ್ಕೆಲುಬು ಮುರ್ದಿದೀಯಮ್ಮ. ಕೆಮ್ಮಿದಾಗೆಲ್ಲ ನಿನ್ನದೇ ನೆನಪಾಗತ್ತೆ."

"ನೆನಪಾಗ್ಲಿ ಬಿಡಿ ಭಾವ. ಕೆಮ್ಮೋಕೆ ನೀವಿದೀರಲ್ಲ."

ನಕ್ಕರು, ನೋವಿಗೆ ಮುಖ ಕಿವುಚಿದರು. ಅಷ್ಟಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವರು ಮನೆಗೆ ಬಂದ ಮೇಲೆ ಸೋದರತ್ತೆ ಹೊಸ ರಾಗ ತೆಗೆದರು. ಪಿಂಡ ನೆಲಕ್ಕೆ ಬಿದ್ದಿದೆ, ಮೈಲಿಗೆಯಾಗಿದೆ, ಗಂಗೆಗೆ ಅಪಚಾರವಾಗಿದೆ. ನಿಂತ ತಿಥಿಯನ್ನು ಒಂದು ಅಮಾವಾಸ್ಯೆಯಲ್ಲಿ ನನ್ನ ಗಂಡನ ಕೈಲಿ ಮಾಡಿಸಿದರು, ಪುಣ್ಯಾಹವೂ ಆಯಿತು. ನಾನು ಬೇಡ ಅನ್ನಲಿಲ್ಲ. ಅವರ ನಂಬಿಕೆ ಅವರದು. ಆದರೆ ಅಷ್ಟಕ್ಕೇ ಅವರಿಗೆ ಸಮಾಧಾನವಿಲ್ಲ. ನಾನು ದೇವರ ಮುಂದೆ ಕಾಯಿ ಒಡೆದು ತಪ್ಪಾಯಿತು ಅನ್ನಬೇಕಂತೆ.

"ಅನ್ನೇ, ಏನು ಗಂಟು ಹೋಗತ್ತೆ? ವಯಸ್ಸಾದೋರು" ಎಂದ ನನ್ನ ಗಂಡ.

"ಯಾವುದು ತಪ್ಪು? ಮುಟ್ಟಿದ್ದಾ, ಬದುಕಿಸಿದ್ದಾ?"

"ನಿನ್ ಜೊತೆ ಮಾತಾಡಿ ಗೆದ್ದೋರುಂಟಾ."

ಗೆಲ್ಲುವ ಪ್ರಶ್ನೆಯಲ್ಲ ಅದು. ಅವನಿಗೆ ಅರ್ಥ ಮಾಡಿಸಲು ನೋಡಿದೆ, ಇಲ್ಲಿ ನಿಮಗೂ ಹೇಳುತ್ತೇನೆ. ಓರಗಿತ್ತಿ ಕೂಗಿದಾಗ ನಾನು ನಿಂತೆನಲ್ಲ, ಆ ಅರ್ಧ ಉಸಿರು? ಅದು ಎಲ್ಲಿಂದ ಬಂತು? ಹಿಂದೆ ಯಾವಳೋ ಮುಟ್ಟಿದ್ದಳು, ಬೈಸಿಕೊಂಡಿದ್ದಳು, ದೇವರ ಮುಂದೆ ತಪ್ಪಾಯಿತು ಅಂದಿದ್ದಳು. ಅವಳ ಆ ‘ತಪ್ಪಾಯಿತು’ ನನ್ನ ಕಾಲಿಗೆ ತೊಡರಿಕೊಂಡಿತು. ಈಗ ನಾನೂ ಹಾಗೆ ಅಂದರೆ, ನಾಳೆ ಈ ಮನೆಗೆ ಬರುವ ಸೊಸೆ ಪೂರ್ತಿ ಒಂದು ಉಸಿರು ನಿಲ್ಲುತ್ತಾಳೆ. ಅಷ್ಟರಲ್ಲಿ ಬಿದ್ದವರು ಹೋಗಿಯೇ ಬಿಡುತ್ತಾರೆ. ಅನ್ನುವುದಿಲ್ಲ. ಸಾಧ್ಯವೇ ಇಲ್ಲ. ಬೇಕಾದರೆ ನನ್ನನ್ನು ಜಂಬದವಳು ಎನ್ನಲಿ. ಎಂದರು ಕೂಡ.

ಮರುವರ್ಷದ ತಿಥಿ ಬಂತು. ಈ ಸಲ ನಾನು ಪೂರ್ತಿ ದಿನ ರಜೆ ಹಾಕಿ, ಮಡಿಸೀರೆ ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆಯೇ ಹೋದೆ. ಎಲ್ಲರ ಸ್ನಾನವಾಗಿತ್ತು. ಭಾವ ಈ ಸಲ ಹಾಲು ಕುಡಿದಿದ್ದರು, ಮಾತ್ರೆ ನುಂಗಿದ್ದರು. ಪುರೋಹಿತರೇ ಕೂತು ಕುಡಿಸಿದ್ದಂತೆ. ನಾನು ಬಚ್ಚಲಿಗೆ ಹೊರಟಾಗ ಭಾವ ತಡೆದರು.

"ನೋಡಮ್ಮ, ನಾವೆಲ್ಲ ಕೂತು ಯೋಚನೆ ಮಾಡಿದ್ವಿ. ನೀನು ಮಡಿ ಉಡೋದು ಬೇಡ. ಮುಂದಿನ ರೂಮಲ್ಲೇ ಕೂತಿರು. ಯಾರಿಗಾದ್ರೂ ಏನಾದ್ರೂ ಆದ್ರೆ ಮುಟ್ಟೋಕೆ ಒಬ್ರು ಇದ್ದಂಗಾಗತ್ತೆ. ಯಾರಿಗೂ ದೋಷ ಇಲ್ಲ."

ಎಲ್ಲರ ಮುಖದಲ್ಲೂ ಒಂದು ಸಮಾಧಾನ. ಸೋದರತ್ತೆ ಕೂಡ ತಲೆಯಾಡಿಸಿದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಮರ್ಯಾದೆ. ಭಾವ ಪ್ರೀತಿಯಿಂದಲೇ ಹೇಳಿದ್ದರು, ಅದೂ ನನಗೆ ಗೊತ್ತು. ಗೊತ್ತಿದ್ದರೂ ಮೈಯೆಲ್ಲ ಉರಿದುಹೋಯಿತು.

"ಅಂದ್ರೆ ನಾನೇನು ಭಾವ, ಆಂಬುಲೆನ್ಸಾ? ಬಾಗಿಲಲ್ಲಿ ನಿಲ್ಸಿರೋಕೆ?"

"ಹಾಗಲ್ಲಮ್ಮ…"

"ಸರಿ, ಕೂತಿರ್ತೀನಿ. ನಿಮಗೆ ಆದ್ರೆ ನಾನು ಮುಟ್ತೀನಿ. ಇವರಿಗಾದ್ರೆ ನಾನು ಮುಟ್ತೀನಿ. ಅತ್ತೆಗಾದ್ರೂ ನಾನೇ ಮುಟ್ತೀನಿ. ಆ ಕುರ್ಚೀಲಿ ಕೂತಿರೋ ನಾನೇ ಬಿದ್ರೆ? ನೀವೆಲ್ಲ ಮಡೀಲಿದೀರಿ. ನನ್ನನ್ನ ಯಾರು ಮುಟ್ತೀರಾ?"

ಪುರೋಹಿತರು ದರ್ಭೆ ಕಟ್ಟು ಬಿಚ್ಚುತ್ತ ತಲೆ ತಗ್ಗಿಸಿದರು. ನನ್ನ ಗಂಡ ಬಾಯಿ ತೆರೆದ, ಸೋದರತ್ತೆಯ ಕಡೆ ನೋಡಿದ, ಮುಚ್ಚಿದ. ಅವನು ಹಾಗೆ ಅತ್ತ ನೋಡಿದ್ದು ನನ್ನ ಕರುಳಿಗೆ ನಾಟಿತು. ಜಗಳವಾಡುವ ಹುಮ್ಮಸ್ಸೆಲ್ಲ ಇಳಿದುಹೋಯಿತು. ಚೀಲ ಎತ್ತಿಕೊಂಡು ಮನೆಗೆ ಹೋಗಿಬಿಡೋಣ ಅನಿಸಿತು.

ಅಡುಗೆಮನೆಯಲ್ಲಿ ಸ್ಟೌ ಆರಿಸಿದ ಸದ್ದಾಯಿತು. ಓರಗಿತ್ತಿ ಹೊರಗೆ ಬಂದರು. ಒದ್ದೆ ಮಡಿಸೀರೆ, ಬೆರಳಿಗೆಲ್ಲ ವಡೆಯ ಹಿಟ್ಟು. ನಡುಮನೆ ದಾಟಿ, ಹೊಸಿಲು ದಾಟಿ, ನೇರ ನನ್ನ ಹತ್ತಿರ ಬಂದು, ಆಟೋದಲ್ಲಿ ಬಂದ, ಮೈಲಿಗೆಯ ನನ್ನ ಎರಡೂ ಭುಜವನ್ನು ಆ ಹಿಟ್ಟಿನ ಕೈಯಲ್ಲೇ ಗಟ್ಟಿಯಾಗಿ ಹಿಡಿದುಕೊಂಡರು.

"ಏನೇ ಇದು! ಅಡುಗೆ ಅರ್ಧ ಆಗಿದೆ!" ಸೋದರತ್ತೆ ಕಿರುಚಿದರು.

"ಇನ್ನೊಂದು ಸ್ನಾನ ತಾನೆ ಅತ್ತೆ, ಮಾಡ್ತೀನಿ. ಅಡುಗೇನೂ ಇನ್ನೊಂದ್ಸಲ ಮಾಡ್ತೀನಿ." ಆಮೇಲೆ ನನಗೆ, "ನಾನು ಮುಟ್ತೀನಿ. ಹೇಗೆ ಒತ್ತಬೇಕು ತೋರ್ಸು" ಎಂದರು.

"ಅಕ್ಕ, ತಿಥಿ ಮುಗೀಲಿ…"

"ಈಗ ತೋರ್ಸು."

ಮೂಲೆಯಲ್ಲಿದ್ದ ಸುರುಳಿ ಹಾಸಿಗೆಯನ್ನು ನೆಲಕ್ಕೆಳೆದೆ. ಅಂಗೈಯ ಬುಡ ಎಲ್ಲಿಡಬೇಕು, ಮೇಲೆ ಇನ್ನೊಂದು ಕೈ ಹೇಗೆ, ತೋರಿಸಿದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದರು. ಮೊದಲು ಹಿಟ್ಟು ನಾದಿದಂತೆ ಮೆತ್ತಗೆ ಒತ್ತಿದರು.

"ಇನ್ನೂ ಜೋರಾಗಿ ಅಕ್ಕ. ಮೊಣಕೈ ನೆಟ್ಟಗೆ."

ಒತ್ತಿದರು. ಹಾಸಿಗೆ ನೆಲಕ್ಕೆ ತಾಕಿ ಮೇಲೆದ್ದಿತು. ಮತ್ತೆ ಒತ್ತಿದರು, ಮತ್ತೆ, ಮತ್ತೆ. ಬಳೆ ಗಲಗಲ ಎನ್ನುತ್ತಿತ್ತು. ಭಾವ ನಡುಮನೆಯಿಂದ ಹೊಸಿಲಿಗೆ ಬಂದು ನಿಂತು ನೋಡುತ್ತಿದ್ದರು. ಅವರ ಕೈ ತಾನಾಗಿಯೇ ತಮ್ಮ ಪಕ್ಕೆಗೆ ಹೋಗಿತ್ತು. ಓರಗಿತ್ತಿಯ ಮುಖ ಕೆಂಪಾಯಿತು, ಉಸಿರು ಕಟ್ಟುತ್ತಿತ್ತು, ಕಣ್ಣಿನ ನೀರು ಮೂಗಿನ ತುದಿಯಿಂದ ಹಾಸಿಗೆಯ ಮೇಲೆ ಬೀಳುತ್ತಿತ್ತು.

"ಸಾಕು ಅಕ್ಕ, ಬಂತು ನಿಮಗೆ" ಎಂದೆ.

"ಆಂಬುಲೆನ್ಸ್ ಬಂತಾ?"

"ಇಲ್ಲ…"

"ಹಾಗಾದ್ರೆ ಸುಮ್ನಿರು" ಎಂದು ಒತ್ತುತ್ತಲೇ ಇದ್ದರು.